ತಲೆಗೆ ಬಿದ್ದ ಪೆಟ್ಟು



ಕಳೆದ ಸುಗ್ಗಿಯಲ್ಲಿ ವೇದಾವತಿಯ ದಂಡೆಯ ರಾರಾವಿಗೆ ಹೋಗಿದ್ದಾಗ ಪರಿಚಿತರೊಬ್ಬರ ಮನೆಯಲ್ಲಿ ತಂಗಿದ್ದೆನು. ಅಂದು ಸಂಜೆ ಆ ಮನೆಯ ಹದಿನಾಲ್ಕರ ಬಾಲಕನು ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನಿಂದ ಜಾರಿ ಬಿದ್ದಿದ್ದನು. ರಕ್ತ ಬಂದಿರಲಿಲ್ಲ, ಎಚ್ಚರವೂ ತಪ್ಪಿರಲಿಲ್ಲ. ಆದರೆ ಕೇಳಿದ್ದನ್ನೇ ಮೂರು ಬಾರಿ ಕೇಳಿದನು, ಒಮ್ಮೆ ವಾಂತಿ ಮಾಡಿಕೊಂಡನು. ಸಿರುಗುಪ್ಪದ ವೈದ್ಯರು ಪರೀಕ್ಷಿಸಿ, ಮನೆಯಲ್ಲಿ ಗಮನವಿಟ್ಟು ನೋಡಿಕೊಳ್ಳಿರೆಂದು ಕಳುಹಿಸಿದ್ದರು. ಅಜ್ಜಿಯವರು ಮಾತ್ರ ಪಕ್ಕದಲ್ಲಿ ಕುಳಿತು, ಹುಡುಗ ಕಣ್ಣು ಮುಚ್ಚಿದಾಗಲೆಲ್ಲ ತೋಳು ಹಿಡಿದು ಅಲುಗಿಸುತ್ತಿದ್ದರು. "ಮಲಗಿದರೆ ಮತ್ತೆ ಏಳುವುದಿಲ್ಲವಂತಲ್ಲ, ಶಾಸ್ತ್ರಿಗಳೇ" ಎಂದರು.

ಕರುಳಿನ ಭಯವದು, ಹಳಿಯುವಂತಿಲ್ಲ. ಆದರೆ ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೆ ನಿದ್ರೆಯೇ ಮದ್ದು. ಅವರು ಹೇಳಿದ್ದರೆ ನಡುವೆ ಒಮ್ಮೆ ಎಬ್ಬಿಸಿ ನೋಡಿದರಾಯಿತು.

ತುಂಬಿದ ಕೊಡ ಹೊತ್ತವರು ಥಟ್ಟನೆ ನಿಂತರೆ ಒಳಗಿನ ನೀರು ತುಳುಕುವುದಷ್ಟೇ? ತಲೆ ಒಮ್ಮೆಲೆ ಅಲುಗಿದಾಗ ಬುರುಡೆಯೊಳಗಿನ ಮಿದುಳಿಗೂ ಹಾಗೆಯೇ ಆಗುತ್ತದೆ. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ಎಚ್ಚರ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೇ ಇಲ್ಲ. ಕೆಡುವುದು ಮಿದುಳಿನ ಕೆಲಸವಾದುದರಿಂದ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣದು. "ಸ್ಕ್ಯಾನ್ ಚೆನ್ನಾಗಿದೆ, ಇನ್ನೇಕೆ ನರಳಾಟ?" ಎಂಬ ಮಾತು ಆದ್ದರಿಂದಲೇ ಅನ್ಯಾಯದ್ದು.

ಹೆಲ್ಮೆಟ್ ಇದ್ದರೆ ಇದಾಗದೆಂಬುದೂ ಭ್ರಮೆ. 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್ ಟೆಸ್ಟಿಗೆ ಮುನ್ನ, ಅಭ್ಯಾಸದ ವೇಳೆ ಸಿರಾಜರ ಚೆಂಡು ನಮ್ಮ ಮಯಂಕ್ ಅಗರ್‌ವಾಲರ ಹೆಲ್ಮೆಟ್ಟಿಗೆ ಬಡಿಯಿತು. ಕನ್‌ಕಷನ್ನಿನ ಲಕ್ಷಣ ಕಂಡೊಡನೆ ಅವರನ್ನು ಪಂದ್ಯದಿಂದ ಕೈಬಿಟ್ಟರು. ನಮ್ಮವರೇ ಆದ ರಾಹುಲ್ ಆರಂಭಿಕರಾಗಿ ಇಳಿದು 84 ಓಟ ಗಳಿಸಿದರು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಜೀವ ಉಳಿಸುತ್ತದೆ. ಬೈಕ್ ಸವಾರರು ಅದನ್ನು ಬಿಡಲೇಕೂಡದು. ಒಳಗಿನ ಅಲುಗಾಟವನ್ನು ಮಾತ್ರ ಅದು ಪೂರ್ತಿ ತಡೆಯಲಾರದು.

ತಲೆನೋವು ಏರುತ್ತಲೇ ಹೋದರೆ, ವಾಂತಿ ಮರುಕಳಿಸಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಎಬ್ಬಿಸಿದರೂ ಏಳದಿದ್ದರೆ, ಈರುಳ್ಳಿ ಮೂಸಿಸುತ್ತ ಕೂರಬೇಡಿರಿ, 108ಕ್ಕೆ ಕರೆಮಾಡಿರಿ. ರಕ್ತ ತೆಳುವಾಗುವ ಗುಳಿಗೆ ನುಂಗುವ ಹಿರಿಯರು ಬಿದ್ದರಂತೂ, ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಅವರಲ್ಲಿ ರಕ್ತಸ್ರಾವ ತಡವಾಗಿಯೂ ಆಗಬಹುದು.

ಆ ಹುಡುಗನ ನಿಜವಾದ ಕಷ್ಟ ಆರಂಭವಾದುದು ಅನಂತರ. ಒಂದೆರಡು ದಿನದ ವಿಶ್ರಾಂತಿಯ ಬಳಿಕ ಶಾಲೆಗೆ ಹೋದನು. ಅಕ್ಷರ ನೋಡಿದರೆ ತಲೆ ಸಿಡಿಯುವುದು, ಗದ್ದಲವಾದರೆ ರೇಗುವುದು, ಹೇಳಿದ್ದು ಮರೆಯುವುದು. ತಂದೆ "ಸೋಗು ಹಾಕುತ್ತಾನೆ" ಎಂದು ಗದರಿದರು. ನೆರೆಯವರೊಬ್ಬರು ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಲು ಹೇಳಿದರು. ಇವೆಲ್ಲ ಪೆಟ್ಟಿನ ಲಕ್ಷಣಗಳೇ. ದೊಡ್ಡವರಲ್ಲಿ ಬಹುಮಟ್ಟಿಗೆ ಎರಡು ವಾರದಲ್ಲಿ, ಮಕ್ಕಳಲ್ಲಿ ನಾಲ್ಕು ವಾರದಲ್ಲಿ ಇಳಿಯುತ್ತವೆ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ತಪ್ಪು. ಸ್ವಲ್ಪ ನಡಿಗೆ, ಸ್ವಲ್ಪ ಓದು, ನೋವು ಹೆಚ್ಚಿದರೆ ಬಿಡುವು. ಹೀಗೆ ಏರಿಸುತ್ತ ಹೋಗಬೇಕು. ಮನೆಯವರ ನಂಬಿಕೆಯಿಲ್ಲದೆ ಇದು ಸಾಗದು. ಬಿದ್ದ ಸೊಸೆಯನ್ನು ಮೈಗಳ್ಳಿಯೆನ್ನುವ ಮನೆಗಳನ್ನೂ ನಾನು ಕಂಡಿದ್ದೇನೆ.

ಮೂರನೆಯ ವಾರ ತಂದೆಯೇ ಫೋನು ಮಾಡಿ, ಊರ ಕಬಡ್ಡಿಗೆ ಮಗನನ್ನು ಇಳಿಸಬಹುದೇ ಎಂದು ಕೇಳಿದರು. ಮೊದಲಿನದು ಮಾಯುವ ಮುನ್ನ ಎರಡನೆಯ ಪೆಟ್ಟು ಬಿದ್ದರೆ ಅಪಾಯ, ವೈದ್ಯರು ಒಪ್ಪುವವರೆಗೆ ಬೇಡವೆಂದೆ. ಹುಡುಗ ಅಂಕಣದ ಅಂಚಿನಲ್ಲಿ ಕುಳಿತು ಅಂಕ ಬರೆದನಂತೆ.