ಚಮಚ, ಇಸ್ಪೀಟೆಲೆ, ಶನಿವಾರದ ಮಿಠಾಯಿ

ಸ್ವೀಡನ್ ದೇಶದ ಹಿಂದಿನ ಕಾಲದ ರೈತರ ಮನೆಗಳಲ್ಲಿ ಗಂಜಿಯ ಬೋಗುಣಿ ಮನೆಮಂದಿಗೆಲ್ಲ ಒಂದೇ. ಚಮಚ ಮಾತ್ರ ಅವರವರದು. ಮರದಲ್ಲಿ ಕೆತ್ತಿದ ಚಮಚದ ಹಿಡಿಯ ಮೇಲೆ ಒಡೆಯನ ಗುರುತು ಇರುತ್ತಿದ್ದಿತು. ಉಂಡಾದ ಮೇಲೆ ನಾಲಗೆಯಿಂದಲೇ ನೆಕ್ಕಿ ಶುಚಿಮಾಡಿ ಗೋಡೆಯ ಮೇಲಣ ಗೂಡಿನಲ್ಲಿ ಸಿಕ್ಕಿಸಿಟ್ಟರೆ ಮುಗಿಯಿತು. ಪರರ ಎಂಜಲು ತನ್ನ ಚಮಚಕ್ಕೆ ತಾಕಬಾರದು, ನಿಜ. ಆದರೆ ಅಷ್ಟೂ ಚಮಚಗಳು ಒಂದೇ ಬೋಗುಣಿಗೆ ಇಳಿಯುತ್ತಿದ್ದುವೆಂಬುದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಂತಿಲ್ಲ! ಉತ್ತರದ ಸಾಮಿ ಜನರಾದರೋ ಹಿಮಸಾರಂಗದ ಕೊಂಬಿನಿಂದ ಸೊಗಸಾದ ಚಮಚಗಳನ್ನು ಕಡೆಯುತ್ತಾರೆ.

ಹಟ ಬಿಟ್ಟು ಹೇಳಿದ್ದಕ್ಕೆ ಒಪ್ಪಿಕೊಳ್ಳುವವನನ್ನು ಕುರಿತು ಸ್ವೀಡರು 'ಚಮಚವನ್ನು ಚೆಂದದ ಕೈಯಲ್ಲಿ ಹಿಡಿದನು' ಎನ್ನುವರು. ಚೆಂದದ ಕೈಯೆಂದರೆ ಬಲಗೈ. 'ಲಾಗೋಮ್' ಎಂಬುದು ಅವರ ಇನ್ನೊಂದು ಮೆಚ್ಚಿನ ಮಾತು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ತಕ್ಕಷ್ಟು. ಕೂಟದಲ್ಲಿ ಮದ್ಯದ ಕೊಂಬು ಸುತ್ತಿ ಬರುವಾಗ ಕಡೆಯವನಿಗೂ ಉಳಿಯುವಂತೆ ಕುಡಿಯುವುದರಿಂದ ಆ ಮಾತು ಹುಟ್ಟಿತೆಂದು ಜನ ಕಥೆ ಹೇಳುತ್ತಾರೆ. ಭಾಷಾಪಂಡಿತರು ಕಥೆಯನ್ನು ಒಪ್ಪದೆ, ಕಟ್ಟಳೆಯೆಂಬ ಅರ್ಥದ ಹಳೆಯ ಪದದಿಂದ ಅದನ್ನು ಬಿಡಿಸುತ್ತಾರೆ. ಕಥೆಯೇ ಹೆಚ್ಚು ರುಚಿ.

ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ನಗರಕ್ಕೆ ಮಧ್ಯಾಹ್ನ ಮೂರು ಗಂಟೆಯೊಳಗೇ ಸೂರ್ಯಾಸ್ತ. ಅಂತಹ ದೀರ್ಘ ರಾತ್ರಿಗಳಿಗೆ ಇಸ್ಪೀಟೇ ಜೊತೆ. 'ಕಿಲ್ಲೆ' ಎಂಬ ಹಳೆಯ ಆಟಕ್ಕೆ ಬೇರೆಯೇ ಕಟ್ಟು. 42 ಎಲೆಗಳು, ಅಂದರೆ 21 ಜೋಡಿ. ಆಟೀನೂ ಇಲ್ಲ, ಕಳಾವರವೂ ಇಲ್ಲ. ಇರುವುದು ಕೋಗಿಲೆ, ಹಂದಿ, ಕುದುರೆ ಸಿಪಾಯಿ, ಛತ್ರ, ಹೂಕುಂಡ ಇತ್ಯಾದಿ. ಒಬ್ಬೊಬ್ಬನಿಗೆ ಒಂದೊಂದೇ ಎಲೆ. ಕೈಯಲ್ಲಿರುವುದು ಹಿಡಿಸದಿದ್ದರೆ ಪಕ್ಕದವನೊಡನೆ ಬದಲಾಯಿಸಿಕೊಳ್ಳಬಹುದು. ಕೊನೆಗೆ ಕೀಳು ಎಲೆಯುಳ್ಳವನು ಸೋತನು. ಆದರೆ ಪಕ್ಕದವನ ಬಳಿ ಕೋಗಿಲೆಯಿದ್ದರೆ ಆಟ ಅಲ್ಲಿಗೇ ನಿಂತಿತು. ಹಂದಿಯಿದ್ದರೆ ಕೊಟ್ಟುಕೊಂಡದ್ದೆಲ್ಲ ಹಿಂದಕ್ಕೆ. ಎಲ್ಲಕ್ಕಿಂತ ಮೋಜಿನವನು ವಿದೂಷಕ. ಆಟಕ್ಕೆ ಹೆಸರು ಬಂದದ್ದೂ ಅವನಿಂದಲೇ. ಹಂಚಿಕೆಯಲ್ಲಿ ತಾನಾಗಿ ಬಂದರೆ ಆತ ಎಲ್ಲರಿಗೂ ಮೇಲು. ಆಸೆಪಟ್ಟು ಬದಲಾಯಿಸಿಕೊಂಡರೆ ಎಲ್ಲರಿಗೂ ಕೀಳು!

ಮಕ್ಕಳ ಆಟ 'ಸರೋವರದಲ್ಲಿದೆ'. ಕೇಳಿದ ಎಲೆ ಎದುರಾಳಿಯಲ್ಲಿ ಇಲ್ಲದಿದ್ದರೆ ಆತ ಹಾಗೆನ್ನುತ್ತಾನೆ. ಕೇಳಿದವನು ಮೇಜಿನ ಮೇಲೆ ಮಗುಚಿ ಹರಡಿದ ಎಲೆಗಳಿಂದ ಒಂದನ್ನು ಎತ್ತಬೇಕು. ಸುಮಾರು ಒಂದು ಲಕ್ಷ ಸರೋವರಗಳ ನಾಡಿಗೆ ಒಪ್ಪುವ ಹೆಸರು.

ಶನಿವಾರವಾದರೆ ಆಟದ ಮೇಜಿಗೆ ಮಿಠಾಯಿಯೂ ಬರುತ್ತದೆ. ಮಕ್ಕಳಿಗೆ ವಾರವೆಲ್ಲ ಸಿಹಿಯಿಲ್ಲ, ಶನಿವಾರ ಮಾತ್ರ ಉಂಟು ಎಂಬುದು ಇಂದಿಗೂ ಅನೇಕ ಮನೆಗಳ ಪದ್ಧತಿ. ಅದರ ಹಿಂದಿನ ಸಂಗತಿ ಸಿಹಿಯಲ್ಲ. ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿದ್ದವರು ಬುದ್ಧಿ ಬೆಳೆಯದವರು. ಹಲ್ಲು ಹುಳುಕಾಗುವುದೇಕೆಂದು ತಿಳಿಯಲು 1945ರಿಂದ ಅವರ ಮೇಲೆ ಪ್ರಯೋಗಗಳು ನಡೆದುವು. ಸರ್ಕಾರದ ಒಪ್ಪಿಗೆಯಿತ್ತು, ಸಕ್ಕರೆ, ಚಾಕೊಲೇಟು ತಯಾರಕರ ಹಣವೂ ಇತ್ತು. ಹಲ್ಲಿಗೆ ಅಂಟಿಕೊಳ್ಳಲೆಂದೇ ತಯಾರಿಸಿದ ಟಾಫಿಯನ್ನು ಕೆಲವರಿಗೆ ದಿನಕ್ಕೆ 24ರಂತೆ ತಿನ್ನಿಸಲಾಯಿತು. ಹಲವರ ಹಲ್ಲುಗಳು ಹಾಳಾದುವು. ಎಷ್ಟು ಸಕ್ಕರೆ ತಿಂದರೆಂಬುದಕ್ಕಿಂತ, ಊಟಗಳ ನಡುವೆ ಎಷ್ಟು ಸಲ ತಿಂದರು, ಅದೆಷ್ಟು ಅಂಟಾಗಿತ್ತು ಎಂಬುದೇ ಮುಖ್ಯವೆಂದು 1954ರಲ್ಲಿ ಪ್ರಕಟವಾದ ವರದಿ ತಿಳಿಸಿತು. ದಿನವೂ ಚೂರುಚೂರು ತಿನ್ನುವುದಕ್ಕಿಂತ ವಾರಕ್ಕೊಂದೇ ದಿನ ತಿನ್ನಲಿ ಎಂಬ ಬುದ್ಧಿವಾದ ಅಲ್ಲಿಂದ ಮನೆಮನೆಗೆ ಹರಡಿತು. ಟಾಫಿ ತಿಂದವರನ್ನು ಮಾತ್ರ ಯಾರೂ ಒಪ್ಪಿಗೆ ಕೇಳಿರಲಿಲ್ಲ.