ಅಭ್ಯಾಸ ಅಚ್ಚುಕಟ್ಟಾಗಿಯೇ ಇರಬೇಕೆ?

ಸಂಜೆ ಹೊತ್ತು ಯಾವ ಒಳಾಂಗಣ ಶಟಲ್ ಕೋರ್ಟಿಗೆ ಹೋದರೂ ಈ ನೋಟ ಕಾಣುತ್ತದೆ. ನೆಟ್ಟಿನ ಆಚೆ ನಿಂತ ಕೋಚ್ ಒಂದರ ಹಿಂದೊಂದು ಕಾಕನ್ನು ಒಂದೇ ಎತ್ತರಕ್ಕೆ, ಒಂದೇ ಜಾಗಕ್ಕೆ ಕಳಿಸುತ್ತಾರೆ. ಸಾಲಿನಲ್ಲಿರುವ ಮಕ್ಕಳು ಸರದಿ ಬಂದಾಗ ಮುಂದೆ ಬಂದು ನೆಟ್ಟಿನಾಚೆ ಹತ್ತಿರದಲ್ಲೇ ಬೀಳುವ ಡ್ರಾಪ್ ಹಾಕುತ್ತಾರೆ. ಐದನೆಯದಕ್ಕಿಂತ ಹದಿನೈದನೆಯದು ಚೆನ್ನಾಗಿ ಬೀಳುತ್ತದೆ. ಗೋಡೆಯ ಬಳಿ ಕುಳಿತ ತಂದೆತಾಯಿಗೆ ಸಮಾಧಾನ. ಆದರೆ ಭಾನುವಾರದ ಪಂದ್ಯದಲ್ಲಿ ಆ ಡ್ರಾಪ್ ನೆಟ್ಟಿಗೆ ಬಡಿಯುತ್ತದೆ. ‘ಪ್ರಾಕ್ಟೀಸಲ್ಲಿ ಚೆನ್ನಾಗಿ ಆಡ್ತಾಳೆ, ಮ್ಯಾಚಲ್ಲಿ ಹೆದರಿಬಿಡ್ತಾಳೆ’ ಅನ್ನುತ್ತಾರೆ. ಮಗುವಿನ ಧೈರ್ಯದ ಮೇಲೆ ಹೊರಿಸುವ ಈ ತಪ್ಪು ಬಹಳ ಸಲ ಅಭ್ಯಾಸದ್ದೇ ಎಂಬುದು ನನ್ನ ವಾದ.

ಹಾಗೆಂದು ಒಂದನ್ನೇ ಮತ್ತೆ ಮತ್ತೆ ಮಾಡುವುದು ವ್ಯರ್ಥವೆನ್ನಲಾರೆ. ಯಾವುದೇ ಕೈಚಳಕ ಮೂರು ಹಂತಗಳಲ್ಲಿ ಬರುತ್ತದೆಂದು ಮನೋವಿಜ್ಞಾನಿಗಳಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ವಿವರಿಸಿದರು: ಯೋಚಿಸಿ ಮಾಡುವುದು, ತಿದ್ದಿ ಹದಗೊಳಿಸುವುದು, ಕೊನೆಗೆ ಯೋಚನೆಯಿಲ್ಲದೆ ಆಗುವುದು. ಮೊದಲ ಹಂತದಲ್ಲಿ ಪುನರಾವರ್ತನೆ ಬೇಕೇ ಬೇಕು. ಹೊಸಬರ ಕೈ ನೋಡಿ: ಬ್ಯಾಟನ್ನು ಬಾಣಲೆ ಹಿಡಿದ ಹಾಗೆ ಹಿಡಿದು ಬೆರಳುಗಳನ್ನು ಬಿಗಿದಿರುತ್ತಾರೆ. ಬಲಗೈಯಲ್ಲಿ ಆಡುವವರಿಗೆ ಕಾಕ್ ಎಡಗಡೆ ಬಂದರೆ ಹೆಬ್ಬೆರಳು ಹಿಡಿಕೆಯ ಅಗಲ ಮುಖದ ಮೇಲೆ ಕೂರಬೇಕು. ಕಾಕ್ ತಾಗುವವರೆಗೆ ಬೆರಳು ಸಡಿಲವಾಗಿದ್ದು, ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿಯಾಗಬೇಕು. ಇದನ್ನು ಕಲಿಯುವವರಿಗೆ ಕಾಕ್ ಎಲ್ಲಿಂದ ಬರುತ್ತದೆಂಬ ಚಿಂತೆಯೂ ಸೇರಿದರೆ ಎರಡೂ ಕೆಡುತ್ತವೆ.

ತೊಂದರೆ ಎರಡನೆಯ ಹಂತದ್ದು. ಅದು ವರ್ಷಗಟ್ಟಲೆ ನಡೆಯುತ್ತದೆ. ನಮ್ಮಲ್ಲಿ ಅಭ್ಯಾಸ ಮಾತ್ರ ಮೊದಲ ಹಂತದ ರೂಪದಲ್ಲೇ ನಿಂತುಬಿಡುತ್ತದೆ. ಸಿಂಗಲ್ಸಿನಲ್ಲಿ ಒಬ್ಬರು ಕಾಯಬೇಕಾದ ಜಾಗ 6.7 ಮೀಟರ್ ಉದ್ದ, 5.18 ಮೀಟರ್ ಅಗಲ. ಕಾಕ್ ಯಾವ ಮೂಲೆಗೆ ಬರುತ್ತದೆಂದು ಓದಿ, ಕಾಲಿಟ್ಟು, ಹಿಡಿತ ಬದಲಿಸಿ, ಡ್ರಾಪೋ, ಎತ್ತರಕ್ಕೆ ಹಿಂದಿನವರೆಗೂ ಹೊಡೆಯುವ ಕ್ಲಿಯರೋ ಎಂದು ತೀರ್ಮಾನಿಸುವುದೆಲ್ಲ ಆಟದ ಭಾಗ. ಸರದಿಯ ಸಾಲಿನಲ್ಲಿ ಇವನ್ನೆಲ್ಲ ಕೋಚೇ ಮೊದಲು ತೀರ್ಮಾನಿಸಿರುತ್ತಾರೆ. ಮಗುವಿನ ಪಾಲಿಗೆ ಉಳಿಯುವುದು ಕೈ ಬೀಸುವುದಷ್ಟೇ.

ಹೊಡೆತಗಳನ್ನು ಕಲಸಿ ಅಭ್ಯಾಸ ಮಾಡುವುದು ಮೇಲೆಂಬುದಕ್ಕೆ ಬ್ಯಾಡ್ಮಿಂಟನ್ನಿನಲ್ಲೇ ಪುರಾವೆಯಿದೆ. 1986ರಲ್ಲಿ ಗುಡ್ ಮತ್ತು ಮ್ಯಾಗಿಲ್ ಎಂಬ ಸಂಶೋಧಕರು ಹೊಸಬರಿಗೆ ಮೂರು ಬಗೆಯ ಸರ್ವ್ ಕಲಿಸಿದರು: ಶಾರ್ಟ್, ಲಾಂಗ್, ಡ್ರೈವ್. ಒಂದು ಗುಂಪು ಒಂದೊಂದು ಬಗೆಯನ್ನು ಬೇರೆಬೇರೆಯಾಗಿ ಅಭ್ಯಾಸ ಮಾಡಿತು. ಇನ್ನೊಂದು ಗುಂಪಿಗೆ ಮೂರೂ ಕ್ರಮವಿಲ್ಲದೆ ಕಲಸಿ ಬಂದವು. ಕೊನೆಗೆ ಪರೀಕ್ಷೆ ಮಾಡಿದಾಗ, ಅದುವರೆಗೆ ಆಡಿರದ ಪಕ್ಕದ ಅಂಕಣದಿಂದ ಸರ್ವ್ ಮಾಡಿಸಿದಾಗಲೂ, ಮುಂದಿದ್ದದ್ದು ಕಲಸಿ ಕಲಿತ ಗುಂಪು. ಪ್ರತಿ ಸಲವೂ ಹೊಡೆತವನ್ನು ಹೊಸದಾಗಿ ನೆನಪಿಸಿಕೊಂಡು ಕಟ್ಟಬೇಕಾದ್ದರಿಂದಲೇ ಅದು ಗಟ್ಟಿಯಾಗುತ್ತದೆಂಬುದು ಒಂದು ವಿವರಣೆ. ನನಗೆ ಅದು ಒಪ್ಪಿಗೆಯಾಗುತ್ತದೆ. ನೋಡುವವರ ಕಣ್ಣಿಗೆ ಇಂಥ ಅಭ್ಯಾಸ ಚೆಲ್ಲಾಪಿಲ್ಲಿ; ಇಂದಿನ ತಪ್ಪು ಹೆಚ್ಚು, ಮುಂದಿನ ವಾರದ ತಪ್ಪು ಕಡಿಮೆ.

ಆಯ್ಕೆಯೇ ಆಟವಾಗುವುದು ಹೇಗೆಂದು ತೋರಿಸಿದವರು ಪ್ರಕಾಶ್ ಪಡುಕೋಣೆ. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ ಆಟ ಕಲಿತವರು 1980ರ ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಕಿಂಗ್ ಹೆಸರಾದದ್ದು ಹಾರಿ ಹೊಡೆಯುವ ಸ್ಮ್ಯಾಶಿಗೆ. ಪಡುಕೋಣೆಯವರ ಬಲ ವೇಗವನ್ನು ಏರಿಳಿಸುವುದರಲ್ಲಿ, ಕಾಕ್ ಎಲ್ಲಿಗೆ ಹೋಗುತ್ತದೆಂದು ಕೊನೆಯವರೆಗೂ ಬಿಟ್ಟುಕೊಡದ ಮಣಿಕಟ್ಟಿನಲ್ಲಿತ್ತು.

ಮೂರನೆಯ ಹಂತಕ್ಕೂ ಎಚ್ಚರ ಬೇಕು. ತಾನಾಗಿ ಆಗುವ ಹೊಡೆತದೊಳಗೆ ತಪ್ಪೂ ತಾನಾಗಿ ಆಗುತ್ತಿರುತ್ತದೆ. ಅದನ್ನು ತಿದ್ದಬೇಕಾದರೆ ಒಳ್ಳೆಯ ಆಟಗಾರನೂ ಮತ್ತೆ ನಿಧಾನಕ್ಕೆ, ಯೋಚಿಸಿ ಮಾಡುವ ಮೊದಲ ಹಂತಕ್ಕೆ ಇಳಿಯಬೇಕು.

ಎರಡು ಕೋರ್ಟು, ಇಪ್ಪತ್ತು ಮಕ್ಕಳು, ಒಬ್ಬರೇ ಕೋಚ್ ಇರುವಲ್ಲಿ ಸಾಲು ನಿಲ್ಲಿಸುವುದು ಅನುಕೂಲಕ್ಕಾಗಿ ಎಂಬುದು ನನಗೂ ಗೊತ್ತು. ಆದರೂ ದಾರಿಯಿದೆ. ಕೋರ್ಟನ್ನು ಉದ್ದಕ್ಕೆ ಸೀಳಿ ಇಬ್ಬಿಬ್ಬರನ್ನು ಎದುರುಬದುರು ಬಿಟ್ಟರೆ ಎರಡು ಕೋರ್ಟಿನಲ್ಲಿ ಎಂಟು ಮಕ್ಕಳು ಒಟ್ಟಿಗೆ ಆಡಬಹುದು. ಒಬ್ಬರು ಡ್ರಾಪ್ ಹಾಕಲಿ, ಇನ್ನೊಬ್ಬರು ಎತ್ತಲಿ. ಯಾವಾಗ ಬೇಕಾದರೂ ಹೇಳದೆ ಕ್ಲಿಯರ್ ಹೊಡೆಯುವ ಹಕ್ಕು ಇಬ್ಬರಿಗೂ ಇರಲಿ. ಇದಕ್ಕೆ ಹಳೆಯ ಕಾಕುಗಳೇ ಸಾಕು. ಕೋಚ್ ಕಾಕ್ ಕಳಿಸುವ ಕೆಲಸದಿಂದ ಬಿಡುವಾಗಿ ಮಕ್ಕಳ ಹಿಂದೆ ನಿಂತು ಹೆಬ್ಬೆರಳು ಎಲ್ಲಿದೆಯೆಂದು ನೋಡಬಹುದು. ಮಗು ಕಲಿತಿದೆಯೋ ಇಲ್ಲವೋ ತಿಳಿಯಲು ಆ ಸಂಜೆಯ ಕೊನೆಯ ಹೊಡೆತವನ್ನು ನೋಡುವುದಕ್ಕಿಂತ, ನಾಲ್ಕು ದಿನ ಬಿಟ್ಟು ಬಂದಾಗಿನ ಮೊದಲ ಐದು ಹೊಡೆತ ನೋಡಿ ಎಂದು ಹೆತ್ತವರಿಗೆ ಕೋಚೇ ಹೇಳಬೇಕು.