ನಕಲು ಚಿತ್ರಕ್ಕೂ ಒಂದು ಚರಿತ್ರೆಯುಂಟು: ಚೀನಾ ದರ್ಬಾರಿನಿಂದ ದರಿಯಾ ದೌಲತ್‌ವರೆಗೆ

ಮಾರೇನಹಳ್ಳಿ (ಬೆಂಗಳೂರು): ಹೊಸ ಮನೆಯ ಗೋಡೆಗೆ ಚಿತ್ರ ಬೇಕೆಂದರೆ ಈಗ ಕಲಾವಿದರ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ. ಮಾರೇನಹಳ್ಳಿಯ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಅಳತೆ ಮತ್ತು ಚೌಕಟ್ಟನ್ನು ಆಯ್ದುಕೊಂಡರೆ, ಕೈಯಿಂದ ಬರೆದ ತೈಲಚಿತ್ರ ಕೊರಿಯರ್ ಮೂಲಕ ಬಂದು ಸೇರುತ್ತದೆ. ಹೀಗೆ ದೊರೆಯುವ ನಕಲುಗಳಲ್ಲಿ ಹೂದಾನಿ, ಸೂರ್ಯಾಸ್ತಗಳ ಜೊತೆಗೆ ಐತಿಹಾಸಿಕ ಚಿತ್ರಗಳೂ ಇವೆ. ಚೀನಾ ಚಕ್ರವರ್ತಿಯ ಮುಂದೆ ಬ್ರಿಟಿಷ್ ರಾಯಭಾರಿ ನಿಂತ ದೃಶ್ಯ ಅಂಥವುಗಳಲ್ಲೊಂದು.

ಇದರಲ್ಲಿ ಕಾನೂನಿನ ತೊಡಕೇನೂ ಇಲ್ಲ. ಮೂಲ ಕಲಾವಿದರು ತೀರಿಕೊಂಡು ಎರಡು ಶತಮಾನಗಳಾಗಿವೆ. ಕೃತಿಸ್ವಾಮ್ಯ ಎಂದೋ ಮುಗಿದಿದೆ. ತೊಡಕಿರುವುದು ನಂಬಿಕೆಯಲ್ಲಿ. ಚಿತ್ರ ಹಳೆಯದಾಗಿ ಕಂಡರೆ ಸಾಕು, ಘಟನೆ ನಡೆದದ್ದೇ ಹೀಗೆ ಎಂದು ನೋಡುಗರು ಒಪ್ಪಿಬಿಡುತ್ತಾರೆ.

ನೋಡದೆ ಬರೆದ ಭೇಟಿ

ಬ್ರಿಟನ್ನಿನ ಮೊದಲ ರಾಯಭಾರವನ್ನು ಚೀನಾಕ್ಕೆ ಕೊಂಡೊಯ್ದವರು ಜಾರ್ಜ್ ಮೆಕಾರ್ಟ್ನಿ. ಅವರು ಕ್ವಿಯಾನ್‌ಲಾಂಗ್ ಚಕ್ರವರ್ತಿಯನ್ನು ಭೇಟಿಯಾದದ್ದು 1793ರ ಸೆಪ್ಟೆಂಬರ್ 14ರಂದು, ಬೀಜಿಂಗ್‌ನ ಆಚೆಗಿನ ಜೆಹೋಲ್‌ನಲ್ಲಿ. ತಂಡದೊಡನೆ ಹೋಗಿದ್ದ ಯುವ ಕಲಾವಿದ ವಿಲಿಯಂ ಅಲೆಕ್ಸಾಂಡರ್ ಮಾತ್ರ ಬೀಜಿಂಗ್‌ನಲ್ಲೇ ಉಳಿಯಬೇಕಾಯಿತು. ಆದ್ದರಿಂದ ಆ ಐತಿಹಾಸಿಕ ಭೇಟಿಯ ಚಿತ್ರಗಳನ್ನು ಆತ ರಚಿಸಿದ್ದು ಹೋಗಿಬಂದವರ ಮಾತು ಮತ್ತು ರೇಖಾಚಿತ್ರಗಳನ್ನು ಆಧರಿಸಿ.

ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ರಾಯಭಾರ ಚೀನಾವನ್ನು ತಲುಪುವ ಮೊದಲೇ, 1792ರ ಸೆಪ್ಟೆಂಬರ್‌ನಲ್ಲಿ, ಅವರು ಆ ಭೇಟಿಯ ಚಿತ್ರವನ್ನು ಪ್ರಕಟಿಸಿಬಿಟ್ಟಿದ್ದರು! ಅದರಲ್ಲಿನ ಚಕ್ರವರ್ತಿ ಉದಾಸೀನದಿಂದ ಒರಗಿಕೊಂಡ ಸ್ಥೂಲಕಾಯದ ಮನುಷ್ಯ. ಇಂದು ಈ ಎರಡೂ ಚಿತ್ರಗಳು 'ಆ ಕಾಲದ ಚಿತ್ರ'ಗಳೆಂದೇ ಚಲಾವಣೆಯಲ್ಲಿವೆ. ಒಂದು ಕೇಳಿ ಬರೆದದ್ದು, ಇನ್ನೊಂದು ಕಲ್ಪಿಸಿ ಬರೆದದ್ದು ಎಂಬ ವ್ಯತ್ಯಾಸ ನಕಲಿನಲ್ಲಿ ಅಳಿಸಿಹೋಗುತ್ತದೆ.

ಇಂಥ ನಕಲುಗಳ ದೊಡ್ಡ ಕೇಂದ್ರ ಚೀನಾದಲ್ಲೇ ಇರುವುದು ವಿಶೇಷ. ಶೆನ್‌ಜೆನ್ ನಗರದ ಡಾಫೆನ್‌ನಲ್ಲಿ 1989ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಹುವಾಂಗ್ ಜಿಯಾಂಗ್ ಆರಂಭಿಸಿದ ಉದ್ಯಮ ಸಾವಿರಾರು ಚಿತ್ರಕಾರರಿಗೆ ಅನ್ನ ನೀಡಿದೆ. ಅವರ ಶ್ರಮವನ್ನು ಹಗುರವಾಗಿ ಕಾಣುವಂತಿಲ್ಲ.

ಮಂಗಳೂರಿನ ನಂಟು

ದೂರದ ಚೀನಾದ ಈ ಕಥೆಗೆ ನಮ್ಮ ನೆಲದ ನಂಟೂ ಇದೆ. ಇದೇ ಮೆಕಾರ್ಟ್ನಿ 1781ರಿಂದ 1785ರವರೆಗೆ ಮದರಾಸಿನ ಗವರ್ನರ್ ಆಗಿದ್ದವರು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದಕ್ಕಾಗಿ ಟಿಪ್ಪು ಸುಲ್ತಾನನ ಬಳಿಗೆ ಅವರು ಕಳುಹಿಸಿದ ಮೂವರು ಪ್ರತಿನಿಧಿಗಳಲ್ಲಿ ಜಾರ್ಜ್ ಸ್ಟಾಂಟನ್ ಒಬ್ಬರು. ಮುಂದೆ ಚೀನಾ ರಾಯಭಾರದಲ್ಲಿ ಮೆಕಾರ್ಟ್ನಿಯ ಕಾರ್ಯದರ್ಶಿಯಾಗಿ ಹೋಗಿ, ಅದರ ಅಧಿಕೃತ ವೃತ್ತಾಂತವನ್ನು 1797ರಲ್ಲಿ ಅಲೆಕ್ಸಾಂಡರ್‌ನ ಚಿತ್ರಗಳ ಸಮೇತ ಹೊರತಂದವರೂ ಇವರೇ.

ಬ್ರಿಟಿಷರೊಡನೆ ನಡೆದ ಮುಖಾಮುಖಿಯನ್ನು ಟಿಪ್ಪು ಕೂಡ ಚಿತ್ರವಾಗಿಸಿದ್ದ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಮೈಸೂರಿನ ಸೇನೆ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಸೋಲಿಸಿತು. ಆ ವಿಜಯವೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯನ್ನು ತುಂಬಿತು. ಪಲ್ಲಕ್ಕಿಯಲ್ಲಿ ಬೇಲಿ, ಸುತ್ತ ಕೆಂಪಂಗಿಯ ಸಿಪಾಯಿಗಳು, ಮುನ್ನುಗ್ಗುವ ಮೈಸೂರಿನ ಕುದುರೆಗಳು ಅಲ್ಲಿವೆ.

ಆದರೆ ನಾವು ಇಂದು ನೋಡುವ ಗೋಡೆಯ ಬಣ್ಣ ಟಿಪ್ಪುವಿನ ಕಾಲದ್ದೇ? ಲೂಯಿಸ್ ರೈಸ್ ದಾಖಲಿಸಿರುವಂತೆ, ಮುತ್ತಿಗೆಗೆ ಮುನ್ನ ಚಿತ್ರಗಳು ಕೆಟ್ಟಿದ್ದವು. ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ. ಬಳಿಕ ಅವು ಮತ್ತೆ ಸುಣ್ಣದಡಿ ಸೇರಿದವು. ಕೊನೆಗೆ ಲಾರ್ಡ್ ಡಾಲ್‌ಹೌಸಿಯ ಆದೇಶದಂತೆ, ಹಳೆಯ ಚಿತ್ರಗಳ ನೆನಪಿದ್ದ ಸ್ಥಳೀಯ ಕಲಾವಿದನೊಬ್ಬ 1855ರ ಸುಮಾರಿಗೆ ಅವನ್ನು ಮರಳಿ ಬರೆದ. ಟಿಪ್ಪುವಿನ ಗೆಲುವಿನ ಚಿತ್ರವನ್ನು ಉಳಿಸಿದ್ದು ಅವನನ್ನು ಸೋಲಿಸಿದವರು. ಉಳಿದದ್ದು ಒಬ್ಬ ಅನಾಮಿಕನ ನೆನಪಿನ ಆಧಾರದಲ್ಲಿ.

ಇದೇ ಯುದ್ಧಚಿತ್ರದ ಕಾಗದದ ಪ್ರತಿಯೊಂದು 2022ರ ಮಾರ್ಚ್‌ನಲ್ಲಿ ಲಂಡನ್ನಿನ ಸೋದ್‌ಬೀಸ್ ಹರಾಜಿನಲ್ಲಿ 6,30,000 ಪೌಂಡ್‌ಗೆ ಮಾರಾಟವಾಯಿತು. ಸುಮಾರು 32 ಅಡಿ ಉದ್ದದ ಅದು 19ನೆಯ ಶತಮಾನದ ಆರಂಭದ್ದೆನ್ನಲಾಗಿದೆ. ಹಾಗಿದ್ದಲ್ಲಿ ಗೋಡೆಯ ಮೇಲಿನ ಇಂದಿನ ಬಣ್ಣಕ್ಕಿಂತ ಆ ಪ್ರತಿಯೇ ಹಳೆಯದು. ಮೂಲ ಯಾವುದು, ನಕಲು ಯಾವುದು ಎಂಬ ಪ್ರಶ್ನೆಗೆ ಇಲ್ಲಿ ಸುಲಭದ ಉತ್ತರವಿಲ್ಲ.

ಫಲಕವೇ ಸಾಕ್ಷಿ

ಇದು ಕೇವಲ ಕಲಾಪ್ರಿಯರ ಚರ್ಚೆಯಲ್ಲ. 2015ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಟಿಪ್ಪು ಜಯಂತಿ 2019ರಲ್ಲಿ ರದ್ದಾಯಿತು. ಟಿಪ್ಪುವಿನ ಹೆಸರಿನಲ್ಲಿ ವಾದ-ಪ್ರತಿವಾದ ನಡೆದಾಗಲೆಲ್ಲ ಚಿತ್ರಗಳು ಪುರಾವೆಯಂತೆ ಮುಂದೆ ಬರುತ್ತವೆ. ಆತನನ್ನು ಶೂರನೆನ್ನುವವರಿಗೆ ಒಂದು ಚಿತ್ರ, ಕ್ರೂರಿಯೆನ್ನುವವರಿಗೆ ಇನ್ನೊಂದು. ಬರೆದವರಾರು, ಯಾವಾಗ, ಯಾರ ಅಪೇಕ್ಷೆಯಂತೆ ಎಂದು ಕೇಳುವವರು ವಿರಳ. ಅರಮನೆಯ ಗೋಡೆ ಮೈಸೂರಿನ ವಾದ, ಅಲೆಕ್ಸಾಂಡರ್‌ನ ಚಿತ್ರ ಲಂಡನ್ನಿನ ವಾದ. ಎರಡೂ ಅಮೂಲ್ಯವೇ ಹೌದು. ಆದರೆ ಯಾವುದೂ ಛಾಯಾಚಿತ್ರವಲ್ಲ.

ಪರಿಹಾರ ದುಬಾರಿಯದೇನಲ್ಲ. ನಕಲು ಮಾರುವವರು ಮೂಲ ಕಲಾವಿದನ ಹೆಸರು, ಮೂಲದ ಕಾಲ ಮತ್ತು ನಕಲಿಸಿದ ವರ್ಷವನ್ನು ಚಿತ್ರದ ಹಿಂಬದಿಯಲ್ಲಿ ನಮೂದಿಸಲಿ. ನಕಲಿಸಿದವನ ಹೆಸರೂ ಇದ್ದರೆ ಅವನ ಶ್ರಮಕ್ಕೆ ಮನ್ನಣೆ ದೊರೆಯುತ್ತದೆ. ಸ್ಮಾರಕಗಳಲ್ಲಿ ಮರುಬರಹದ ಇತಿಹಾಸ ಕನ್ನಡದಲ್ಲಿ, ಎದ್ದು ಕಾಣುವಂತೆ ಇರಲಿ. ಪಠ್ಯಪುಸ್ತಕದ ಚಿತ್ರದಡಿಯ ಒಂದು ಸಾಲಿಗೂ ಇದೇ ನಿಯಮ ಸಲ್ಲಬೇಕು.

ಮಾರೇನಹಳ್ಳಿಯಿಂದ ಮೈಸೂರು ರಸ್ತೆ ಹಿಡಿದರೆ ದರಿಯಾ ದೌಲತ್ ಅರ್ಧ ದಿನದ ಹಾದಿಯೂ ಅಲ್ಲ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಪೋಷಕರು, ಶಿಕ್ಷಕರು ಯುದ್ಧ ಗೆದ್ದವರಾರು ಎಂಬುದರ ಜೊತೆಗೆ ಈ ಗೋಡೆಯನ್ನು ಎಷ್ಟು ಸಲ ಬರೆಯಲಾಯಿತು ಎಂಬುದನ್ನೂ ಹೇಳಬೇಕು. ಚರಿತ್ರೆಯನ್ನು ಪ್ರಶ್ನಿಸಿ ಓದುವ ಅಭ್ಯಾಸಕ್ಕೆ ಅದು ಒಳ್ಳೆಯ ಮೊದಲ ಪಾಠವಾದೀತು.